ನನ್ನ ಪ್ರಾಣಿ ನಡೆಯೋದು ಬಿಟ್ಟು ಬೀಳೋದು ಕಲಿತಿದೆ, ಏನು ಮಾಡಲಿ?

ಮಂಡಕ್ಕಿ ಕೋಡರ್ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಇಂಜಿನಿಯರಿಂಗ್ ಕೊನೆ ವರ್ಷ. ಪ್ರಾಜೆಕ್ಟಿಗೆ ಕಂಪ್ಯೂಟರ್ ಒಳಗೆ ಪ್ರಾಣಿ ಬೆಳೆಸುತ್ತಿದ್ದೇನೆ. ಡಬ್ಬಿಗೆ ಡಬ್ಬಿ ಜೋಡಿಸಿದ ಪ್ರಾಣಿ. ನಿಯಮ ಒಂದೇ: ಪ್ರತಿ ಡಬ್ಬಿಯೂ ತನ್ನ ಥರದ್ದೇ ಮೂರು ಚಿಕ್ಕ ಡಬ್ಬಿಗಳನ್ನ ಮೈಗೆ ಅಂಟಿಸಿಕೊಳ್ಳಬೇಕು. ಆ ಚಿಕ್ಕವಕ್ಕೂ ಅದೇ ನಿಯಮ. ಅಂದರೆ ರಿಕರ್ಷನ್, ಫಂಕ್ಷನ್ ತನ್ನನ್ನ ತಾನೇ ಕರೆಯುವುದು. ಡಬ್ಬಿ ಸೇರುವ ಪ್ರತಿ ಕೀಲಿನಲ್ಲೂ ಒಂದು ಮೋಟರ್ ಇಟ್ಟಿದ್ದೇನೆ. ಒಂದು ತಲೆಮಾರಿಗೆ ನೂರು ಪ್ರಾಣಿ. ಹತ್ತು ಸೆಕೆಂಡಿನಲ್ಲಿ ಯಾವುದು ಜಾಸ್ತಿ ದೂರ ಹೋಗುತ್ತದೋ ಅದರ ಮರಿಗಳು ಉಳಿಯುತ್ತವೆ, ಮಿಕ್ಕವು ಡಿಲೀಟ್.

ಮೊದಲು ಆಳ, ಅಂದರೆ ಈ ನಿಯಮ ಎಷ್ಟು ಸುತ್ತು ನಡೆಯಬೇಕು ಅನ್ನೋದು, 15 ಅಂತ ಕೊಟ್ಟೆ. ಲ್ಯಾಪ್‌ಟಾಪ್ ಫ್ಯಾನ್ ನಮ್ಮ ಓಣಿ ಹಿಟ್ಟಿನ ಗಿರಣಿ ಥರ ಕೂಗಿ ಆಫ್ ಆಯಿತು. ಆಮೇಲೆ 4ಕ್ಕೆ ಇಳಿಸಿದೆ, ಓಡಿತು. ಆದರೆ ಪ್ರಾಣಿ ನೋಡಿದರೆ ಮದುವೆ ಮಂಟಪದ ಪ್ಲಾಸ್ಟಿಕ್ ಹೂವಿನ ಥರ, ಎಲ್ಲ ಕಡೆ ಒಂದೇ ಅಚ್ಚು.

ಅದನ್ನೂ ಸಹಿಸಿಕೊಂಡೆ. ನಿನ್ನೆ ರಾತ್ರಿ ಏನಾಯಿತು ಗೊತ್ತಾ? ನಲವತ್ತನೇ ತಲೆಮಾರಿಗೆ ಕಾಲುಗಳೇ ಮಾಯ. ಪ್ರಾಣಿ ತೆಂಗಿನ ಮರದಷ್ಟು ಉದ್ದ ಬೆಳೆದು ನಿಂತಿದೆ. ಟೈಮರ್ ಶುರುವಾದ ಕೂಡಲೇ ಧೊಪ್ ಅಂತ ಮುಂದಕ್ಕೆ ಬೀಳುತ್ತದೆ. ಬಿದ್ದಷ್ಟು ದೂರ ಅದರ ಲೆಕ್ಕಕ್ಕೆ ಜಮಾ. ನೂರಕ್ಕೆ ನೂರೂ ಇದೇ ಕಸುಬು ಕಲಿತಿವೆ. ನಮ್ಮ ಗೈಡ್ ನೋಡಿ ನಕ್ಕುಬಿಟ್ಟರು. ಪ್ರದರ್ಶನಕ್ಕೆ ಇನ್ನು ಎರಡೇ ವಾರ. ಸಹಾಯ ಮಾಡಿ.

ಚಳ್ಳಕೆರೆ ಶೇಂಗಾ
ಓದದೆ ಪಾಸಾಗೋದು ಕಲಿತಿದೆ ಅನ್ನು. ಯಾರ ಪ್ರಾಣಿಯೋ ಅವರ ಗುಣ 😂

ಬೇಸ್ ಕೇಸ್
ಲ್ಯಾಪ್‌ಟಾಪ್ ಯಾಕೆ ಸತ್ತಿತು ಅನ್ನೋದು ಮೂರನೇ ಕ್ಲಾಸಿನ ಲೆಕ್ಕ ಕಣಪ್ಪ. ಒಂದರಿಂದ ಶುರು ಮಾಡಿ ಮೂರರಿಂದ ಹದಿನೈದು ಸಲ ಗುಣಿಸು. ಕೊನೆ ಸುತ್ತಿನಲ್ಲೇ 1,43,48,907 ಡಬ್ಬಿ. ಅಷ್ಟಕ್ಕೂ ಕೀಲು, ಮೋಟರ್, ಡಿಕ್ಕಿ ಲೆಕ್ಕ. ಆಳ 4 ಅಂದರೆ ಕೊನೆ ಸುತ್ತಿನಲ್ಲಿ 81, ಎಲ್ಲ ಸೇರಿ 121. ಅದಕ್ಕೇ ಓಡಿತು.

ಆಳವನ್ನ ಸಂಖ್ಯೆಯಲ್ಲಿ ಕಟ್ಟಿಹಾಕಬೇಡ. ಡಬ್ಬಿ ಇಷ್ಟು ಚಿಕ್ಕದಾದರೆ ಸಾಕು, ನಿಲ್ಲು ಅಂತ ಹೇಳು. ಪ್ರತಿ ಮಗು ಅಪ್ಪನ 0.7ರಷ್ಟು ಇದ್ದರೆ ಆರನೇ ಸುತ್ತಿಗೆ ಸುಮಾರು 0.12ಕ್ಕೆ ಬರುತ್ತದೆ. ಅಲ್ಲಿಗೆ ತಾನಾಗೇ ನಿಲ್ಲುತ್ತದೆ. ಒಂದು ಕೊಂಬೆ 0.8, ಇನ್ನೊಂದು 0.5 ಅಂತ ಕೊಟ್ಟು ನೋಡು. ದಪ್ಪ ಕೊಂಬೆ ಉದ್ದಕ್ಕೆ ಹೋಗುತ್ತದೆ, ಸಣ್ಣದು ಬೇಗ ಮುಗಿಯುತ್ತದೆ. ಪ್ಲಾಸ್ಟಿಕ್ ಕಳೆ ಅರ್ಧ ಅಲ್ಲೇ ಹೋಗುತ್ತದೆ.

ಜೋಗಿಮಟ್ಟಿ ಗಾಳಿ
ಬೀಳುವ ಪ್ರಾಣಿ ಬಗ್ಗೆ ನಾನು ಹೇಳುತ್ತೇನೆ. ನಾನು ದುರ್ಗದವನು, ಈಗ ಬೆಂಗಳೂರಲ್ಲಿ ಗೇಮ್ ಕಂಪನಿಯಲ್ಲಿ ಫಿಸಿಕ್ಸ್ ಕೆಲಸ.

ತಮ್ಮಾ, ನಾಚಿಕೆ ಪಡಬೇಡ. ಇದು ಹಳೇ ಕಳ್ಳಾಟ. 1994ರಲ್ಲಿ ಕಾರ್ಲ್ ಸಿಮ್ಸ್ ಅನ್ನೋರು ನೀನು ಮಾಡುತ್ತಿರುವುದನ್ನೇ ಮಾಡಿದರು. ಡಬ್ಬಿ ಪ್ರಾಣಿಗಳು, ಈಜೋದು, ನಡೆಯೋದು, ಎರಡು ಪ್ರಾಣಿ ಒಂದು ಚೌಕ ಡಬ್ಬಿಗೆ ಕಿತ್ತಾಡೋದು. ಎದ್ದು ನಿಂತು ಬಿದ್ದೇ ಅಂಕ ಗಳಿಸುವ ಉಪಾಯ ಅವರಿಗೂ ತಲೆನೋವಾಗಿತ್ತು. ಅವರು ಕಂಡುಕೊಂಡ ದಾರಿ ಇದು: ಪ್ರಾಣಿಯನ್ನ ನೆಲಕ್ಕೆ ಬಿಟ್ಟಾಗ ಮೊದಲು ಮೋಟರ್ ಆಫ್, ನೆಲದ ಘರ್ಷಣೆಯೂ ಆಫ್. ಬೀಳೋದಿದ್ದರೆ ಬೀಳಲಿ. ತೂಕದ ನಡುಬಿಂದು ಇನ್ನು ಕೆಳಗೆ ಇಳಿಯಲ್ಲ ಅಂತ ಆದಮೇಲೆ ಮೋಟರ್ ಆನ್, ಟೈಮರ್ ಆನ್. ಆಗ ಬಿದ್ದಿದ್ದಕ್ಕೆ ಅಂಕ ಇಲ್ಲ, ಎದ್ದು ಹೋಗಿದ್ದಕ್ಕೆ ಮಾತ್ರ.

ಇನ್ನೊಂದು ಮಾತು. ನಿನ್ನ ಫಿಸಿಕ್ಸ್‌ನಲ್ಲಿ ಎಲ್ಲಾದರೂ ಸೋರಿಕೆ ಇದ್ದರೆ, ಬರೀ ದಶಾಂಶದ ರೌಂಡಿಂಗ್ ತಪ್ಪೇ ಆಗಿರಲಿ, ವಿಕಾಸ ಅದನ್ನ ಹುಡುಕಿಯೇ ಹುಡುಕುತ್ತದೆ. ನಮ್ಮ ಆಫೀಸಲ್ಲಿ ಒಂದು ಏಡಿ ಬೆಳೆಸಿದ್ದೆವು. ಅದು ತನ್ನ ಎರಡು ಕಾಲು ಒಂದಕ್ಕೊಂದು ತುರುಕಿಕೊಂಡು, ಡಿಕ್ಕಿ ಲೆಕ್ಕ ಗೊಂದಲವಾಗಿ, ರಾಕೆಟ್ ಥರ ಪರದೆ ಆಚೆ ಹಾರಿಹೋಯಿತು. ಮಾರನೇ ದಿನ ಅದರ ಮಕ್ಕಳೆಲ್ಲ ರಾಕೆಟ್.

ಮಂಡಕ್ಕಿ ಕೋಡರ್
ಅಣ್ಣ ನಿಮ್ಮ ಕಾಲಿಗೆ ಬಿದ್ದೆ. ಇವತ್ತೇ ಹಾಕುತ್ತೇನೆ.

ಚಳ್ಳಕೆರೆ ಶೇಂಗಾ
ಕಾಲಿಗೆ ಬಿದ್ದೆ ಅಂತೀಯಲ್ಲ, ನಿನಗೂ ಬಿದ್ದಿದ್ದಕ್ಕೆ ಅಂಕ ಇಲ್ಲ ಈಗ.

ಅಡಿಕೆ ತೋಟ (ಚನ್ನಗಿರಿ ಕಡೆ)
ನಾನು ಕಂಪ್ಯೂಟರಿನವನಲ್ಲ, ಸುಮ್ನೆ ಓದುತ್ತಿದ್ದೆ. ಎಲ್ಲರೂ ಕೊಂಬೆ ಕೊಂಬೆ ಅಂತೀರಿ. ಅಡಿಕೆ ಮರಕ್ಕೆ ಕೊಂಬೆ ಎಲ್ಲಿದೆ ಸ್ವಾಮಿ? ಒಂದೇ ಸುಳಿ. ಸುಳಿ ಒಂದು ಗೆಣ್ಣು ಬಿಡುತ್ತದೆ, ಒಂದು ಸೋಗೆ ಬಿಡುತ್ತದೆ, ತಾನು ಮೇಲೆ ಹೋಗುತ್ತದೆ. ಸೋಗೆ ಒಣಗಿ ಹಾಳೆ ಸಮೇತ ಉದುರಿದರೆ ಕಾಂಡದ ಮೇಲೆ ಒಂದು ಉಂಗುರ ಉಳಿಯುತ್ತದೆ. ಸುಳಿ ಕೊಳೆತರೆ ಮರ ಮುಗಿಯಿತು, ಬೇರೆ ಎಲ್ಲೂ ಚಿಗುರಲ್ಲ. ನಿಮ್ಮ ಪ್ರೋಗ್ರಾಂ ಇದನ್ನ ಬೆಳೆಸುತ್ತದಾ?

ಬೇಸ್ ಕೇಸ್
ಯಜಮಾನ್ರೇ, ನೀವೇ ಬರೆದುಬಿಟ್ಟಿರಲ್ಲ! "ಸುಳಿ → ಗೆಣ್ಣು, ಸೋಗೆ, ಸುಳಿ." ಇಷ್ಟೇ ನಿಯಮ. ಬಲಗಡೆ ಸುಳಿ ಒಂದೇ ಸಲ, ಅದೂ ಕೊನೆಯಲ್ಲಿ ಬರುತ್ತದೆ. ಇದಕ್ಕೆ ಟೇಲ್ ರಿಕರ್ಷನ್ ಅಂತಾರೆ. ಇದನ್ನ ಬರೀ ಲೂಪ್‌ನಲ್ಲೂ ಬರೆಯಬಹುದು. ಹುಣಸೆ ಮರ ಹಾಗಲ್ಲ. ಅಲ್ಲಿ "ಸುಳಿ → ಗೆಣ್ಣು, ಸುಳಿ, ಸುಳಿ". ಬಲಗಡೆ ಎರಡು ಸುಳಿ ಬಂದ ಕೂಡಲೇ ಲೆಕ್ಕ ಉಬ್ಬುತ್ತದೆ.

ತಮಾಷೆ ಏನೆಂದರೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ರಿಕರ್ಷನ್‌ಗೆ ಸಾಮಾನ್ಯವಾಗಿ 1000 ಕರೆಯ ಮಿತಿ ಇರುತ್ತದೆ. ಟೇಲ್ ರಿಕರ್ಷನ್ ಅಂತ ರಿಯಾಯಿತಿ ಏನೂ ಕೊಡಲ್ಲ. ನಿಮ್ಮ ಮರ ಸಾವಿರ ಗೆಣ್ಣಿನ ಹತ್ತಿರ ಬಂದರೆ ಎರರ್ ಕೊಟ್ಟು ನಿಲ್ಲುತ್ತದೆ.

ಅಡಿಕೆ ತೋಟ
ಸಾವಿರ ಗೆಣ್ಣಿನ ಮರ ಹತ್ತೋಕೆ ಕೊನೆಗಾರನೂ ಸಿಗಲ್ಲ, ಚಿಂತೆ ಬೇಡ.

ಹರಿಹರದ ಅಕ್ಕ
ಆಳ ಎಷ್ಟು ಇರಬೇಕು ಅಂತ ಜಗಳ ಆಡುತ್ತಿದ್ದೀರಲ್ಲ, ನಾನು ಅಡುಗೆಮನೆಯಿಂದ ಒಂದು ಹೇಳುತ್ತೇನೆ. ಬಿ.ಎಸ್ಸಿ. ಬಾಟನಿ ಮಾಡಿ ಮದುವೆಯಾದವಳು ನಾನು.

ಹುಣಸೆ ಎಲೆ ತಗೊಳ್ಳಿ. ಒಂದು ಕಡ್ಡಿ, ಎರಡೂ ಕಡೆ ಸಾಲಾಗಿ ಪುಟ್ಟ ಪುಟ್ಟ ಎಲೆ. ಮುಗಿಯಿತು. ಒಂದು ಸಲ ಒಡೆದಿದೆ. ರಸ್ತೆ ಬದಿ ಬಳ್ಳಾರಿ ಜಾಲಿ ನೋಡಿ. ಕಡ್ಡಿಯಿಂದ ಕಡ್ಡಿ, ಆ ಎರಡನೇ ಕಡ್ಡಿಯ ಮೇಲೆ ಎಲೆ. ಎರಡು ಸಲ. ಈಗ ನುಗ್ಗೆ ಸೊಪ್ಪು. ನಮ್ಮ ಅತ್ತೆ ಸಂಜೆ ಧಾರಾವಾಹಿ ನೋಡುತ್ತಾ ಪೇಪರ್ ಹಾಸಿಕೊಂಡು ಬಿಡಿಸುತ್ತಾರೆ. ಮೊಳದುದ್ದದ ಕಡ್ಡಿ ಒಂದು. ಅದರಿಂದ ಜೋಡಿ ಜೋಡಿ ಕಡ್ಡಿ. ಆ ಕಡ್ಡಿಯಿಂದ ಮತ್ತೆ ಕಡ್ಡಿ. ಅದರ ಮೇಲೆ ಎಲೆ. ಮೂರು ಸಲ! ನಾನು ದೊಡ್ಡ ಕಡ್ಡಿ ಹಿಡಿದು ಒಂದೇ ಸಲ ಎಳೆಯೋಕೆ ಹೋದರೆ ಸಣ್ಣ ಕಡ್ಡಿಗಳೂ ಕಿತ್ತು ಬಂದು ಸಾರಿನಲ್ಲಿ ಹಲ್ಲಿಗೆ ಸಿಕ್ಕುತ್ತವೆ. ಅತ್ತೆ ಕೊನೇ ಕಡ್ಡಿಯಿಂದ ಶುರು ಮಾಡುತ್ತಾರೆ, ತುದಿಯಿಂದ ಬುಡಕ್ಕೆ.

ನೀನು 15 ಅಂತ ಕೊಟ್ಟೆಯಲ್ಲಪ್ಪ, ನುಗ್ಗೆ ಮರವೇ ಮೂರಕ್ಕೆ ಸುಸ್ತಾಗಿದೆ. ಇನ್ನೊಂದು ನೋಡು. ಕೊನೆಯಲ್ಲಿ ಇನ್ನೊಂದು ಸಣ್ಣ ಕಡ್ಡಿ ಬರಲ್ಲ, ಎಲೆ ಬರುತ್ತದೆ. ತುದಿಯಲ್ಲಿರೋದು ಬೇರೆ ವಸ್ತು. ನಿನ್ನ ಪ್ರಾಣಿಯಲ್ಲಿ ತುದಿಯಲ್ಲೂ ಡಬ್ಬಿಯೇ ಇದೆ, ಅದಕ್ಕೇ ಪ್ಲಾಸ್ಟಿಕ್ ಥರ ಕಾಣೋದು.

ಜೋಗಿಮಟ್ಟಿ ಗಾಳಿ
ಅಕ್ಕ, ಎಂಥ ಮಾತು! ಸಿಮ್ಸ್ ಪ್ರಾಣಿಗಳಲ್ಲಿ ಇದು ಹೆಚ್ಚುಕಮ್ಮಿ ಹೀಗೇ ಇದೆ. ಪ್ರಾಣಿಯ ವಂಶವಾಹಿ ಒಂದು ನಕ್ಷೆ. ಅದರಲ್ಲಿ ಒಂದು ಗೂಡಿನಿಂದ ಹೊರಟ ಬಾಣ ಅದೇ ಗೂಡಿಗೆ ವಾಪಸ್ ಬರಬಹುದು, ಆಗ ಜರಿ ಥರ ತುಂಡಿಗೆ ತುಂಡು ಸೇರಿ ಬೆನ್ನು ಬೆಳೆಯುತ್ತದೆ. ಎಷ್ಟು ಸಲ ಸುತ್ತಬಹುದು ಅಂತ ಗೂಡಿಗೊಂದು ಮಿತಿ. ಆಮೇಲೆ ಕೆಲವು ಬಾಣಗಳಿಗೆ "ಮಿತಿ ಮುಟ್ಟಿದ ಮೇಲೆ ಮಾತ್ರ" ಅನ್ನೋ ಗುರುತು. ಕೈ, ಬಾಲ ಎಲ್ಲ ಹಾಗೇ ಕೊನೆಯಲ್ಲಿ ಮಾತ್ರ ಬರುತ್ತವೆ. ನಿಮ್ಮ ನುಗ್ಗೆ ಎಲೆ ಅದೇ.

ರಾತ್ರಿ ಡ್ಯೂಟಿ (ದಾವಣಗೆರೆ)
ಹೌಸ್ ಸರ್ಜನ್ ನಾನು, ವಾರ್ಡಿನಿಂದ ಟೈಪ್ ಮಾಡುತ್ತಿದ್ದೇನೆ. ಅಕ್ಕನ ಮಾತಿಗೆ ಅರ್ಧ ಒಪ್ಪಿಗೆ. ಪ್ರಕೃತಿ ಮೂರಕ್ಕೆ ನಿಲ್ಲುತ್ತದೆ ಅನ್ನೋದು ಎಲೆಗೆ ಸರಿ. ಶ್ವಾಸಕೋಶಕ್ಕೆ ಅಲ್ಲ. ಶ್ವಾಸನಾಳ ಎರಡಾಗುತ್ತದೆ, ಅದು ಮತ್ತೆ ಎರಡಾಗುತ್ತದೆ, ಹೀಗೆ ಸುಮಾರು 23 ಸಲ. ಎರಡರ ಲೆಕ್ಕದಲ್ಲಿ ಕೊನೆಗೆ 83,88,608 ತುದಿ. ಇಷ್ಟೂ ಒಂದು ಎದೆಗೂಡಿನಲ್ಲಿ ಹಿಡಿಸುತ್ತದೆ!

ಆದರೆ ಅಕ್ಕನ ಎರಡನೇ ಮಾತು ಇಲ್ಲೂ ಸರಿ. ಮೊದಲ 16 ಕವಲಿನವರೆಗೆ ಬರೀ ಗಾಳಿ ಸಾಗಿಸುವ ಪೈಪು. 17ರಿಂದ ಪೈಪಿನ ಗೋಡೆಯಲ್ಲಿ ಗಾಳಿಗೂಡು ಕಾಣಿಸಿಕೊಳ್ಳುತ್ತವೆ. ಕೊನೆ ಸುತ್ತಿನಲ್ಲಿ ಬರೀ ಗೂಡೇ. ಅಂದರೆ ನಿಯಮ ಒಂದೇ ಸಲಕ್ಕೆ ಬದಲಾಗಲ್ಲ, ಆಳದ ಜೊತೆ ನಿಧಾನವಾಗಿ ಬದಲಾಗುತ್ತದೆ. ನಿನ್ನ ಫಂಕ್ಷನ್‌ಗೆ "ನಾನೀಗ ಎಷ್ಟನೇ ಸುತ್ತಿನಲ್ಲಿದ್ದೇನೆ" ಅನ್ನೋದು ಗೊತ್ತಿರಲಿ. ಸುತ್ತು ಹೆಚ್ಚಿದಂತೆ ಕಾಲು ಬರುವ ಸಾಧ್ಯತೆ ಕಮ್ಮಿ ಮಾಡು, ಪಂಜ ಬರುವ ಸಾಧ್ಯತೆ ಜಾಸ್ತಿ ಮಾಡು.

ಹರಿಹರದ ಅಕ್ಕ
ಡಾಕ್ಟ್ರೇ ಸೋತೆ. ಆದರೂ ಸಾರು ನುಗ್ಗೆದೇ ಮಾಡುತ್ತೇನೆ.

ದಾರಿಹೋಕ
ಪ್ಲಗ್ ಕಿತ್ತರೆ ಸಾಯೋದಕ್ಕೆ ಜೀವ ಅಂತೀರಾ? ಕಾರ್ಟೂನಿಗೂ ಇದಕ್ಕೂ ಏನು ವ್ಯತ್ಯಾಸ?

ಬೇಸ್ ಕೇಸ್
ಆಕ್ಸಿಜನ್ ಪೈಪ್ ಕಿತ್ತರೆ ನಾವೂ ಹೋಗುತ್ತೇವೆ. ಕಾರ್ಟೂನಿನಲ್ಲಿ ಇಲಿ ಹೇಗೆ ಓಡಬೇಕು ಅಂತ ಬರೆದವನಿಗೆ ಮೊದಲೇ ಗೊತ್ತಿರುತ್ತದೆ. ಇಲ್ಲಿ ಬೀಳೋದನ್ನ ಈ ಹುಡುಗ ಕಲಿಸಿಲ್ಲ, ಅದೇ ಕಲಿತಿದೆ. ವ್ಯತ್ಯಾಸ ಅಲ್ಲಿದೆ. ಕೃತಕ ಜೀವ ಅಂತ ಹೆಸರಿಟ್ಟು ಕ್ರಿಸ್ಟೋಫರ್ ಲ್ಯಾಂಗ್ಟನ್ 1987ರಲ್ಲಿ ಲಾಸ್ ಅಲಮೋಸ್‌ನಲ್ಲಿ ಸಮಾವೇಶ ಕರೆದಾಗಿನಿಂದ ಈ ಜಗಳ ನಡೆದೇ ಇದೆ. ಇಲ್ಲಿ ತೀರಲ್ಲ, ಬಿಡಿ.

ಇದಕ್ಕಿಂತ ಮಜಾ ಇರೋದು ಗಣಿತಜ್ಞ ವಾನ್ ನಾಯ್ಮನ್ ಕಥೆ. ತನ್ನನ್ನ ತಾನೇ ನಕಲು ಮಾಡುವ ಯಂತ್ರ ಆಗುತ್ತದಾ ಅಂತ 1940ರ ದಶಕದ ಕೊನೆಯಲ್ಲಿ ತಲೆ ಕೆಡಿಸಿಕೊಂಡರು. ಯಂತ್ರದೊಳಗೆ ಅದರ ನೀಲನಕ್ಷೆ ಇರಬೇಕು. ಆದರೆ ನಕ್ಷೆಯೂ ಯಂತ್ರದ ಭಾಗ ತಾನೇ? ಹಾಗಾದರೆ ನಕ್ಷೆಯೊಳಗೆ ನಕ್ಷೆಯ ನಕ್ಷೆ ಇರಬೇಕು, ಅದರೊಳಗೆ ಇನ್ನೊಂದು. ಬೇಸ್ ಕೇಸ್, ಅಂದರೆ ಇಲ್ಲಿಗೆ ಸಾಕು ನಿಲ್ಲು ಅನ್ನೋ ಜಾಗ, ಇಲ್ಲದ ರಿಕರ್ಷನ್. ಅವರು ಅದನ್ನ ಬಿಡಿಸಿದ್ದು ಹೀಗೆ: ನಕ್ಷೆಯನ್ನ ಎರಡು ಸಲ ಬಳಸು. ಒಂದು ಸಲ ಓದಿಕೊಂಡು ಮಗು ಯಂತ್ರ ಕಟ್ಟು. ಇನ್ನೊಂದು ಸಲ ಅರ್ಥ ಗಿರ್ಥ ನೋಡದೆ ಜೆರಾಕ್ಸ್ ಹೊಡೆದು ಮಗುವಿನ ಕೈಗೆ ಕೊಡು. ಡಿಎನ್‌ಎ ಮಾಡೋದೂ ಇದೇ. ಡಿಎನ್‌ಎ ಆಕಾರ ಗೊತ್ತಾಗಿದ್ದು 1953ರಲ್ಲಿ!

ಚಳ್ಳಕೆರೆ ಶೇಂಗಾ
ದುರ್ಗದ ಏಳು ಸುತ್ತಿನ ಕೋಟೆಯೂ ರಿಕರ್ಷನ್ ಅಲ್ವಾ? ಬಾಗಿಲು ದಾಟಿದರೆ ಇನ್ನೊಂದು ಬಾಗಿಲು, ಅದನ್ನ ದಾಟಿದರೆ ಮತ್ತೊಂದು.

ಜೋಗಿಮಟ್ಟಿ ಗಾಳಿ
ಹೌದು. ಕಿಂಡಿಯಲ್ಲಿ ಒನಕೆ ಹಿಡಿದು ನಿಂತಿದ್ದ ಓಬವ್ವನೇ ಬೇಸ್ ಕೇಸ್. ಒಬ್ಬೊಬ್ಬನೇ ನುಸುಳಿ ಬಂದ, ಯಾರೂ ರಿಟರ್ನ್ ಆಗಲಿಲ್ಲ.

ಚಳ್ಳಕೆರೆ ಶೇಂಗಾ
😂😂 ಇದನ್ನ ಟೀ ಶರ್ಟ್ ಮೇಲೆ ಹಾಕಿಸಬೇಕು

ನಿವೃತ್ತ ಕನ್ನಡ ಮೇಷ್ಟ್ರು
ಮಗ ತೋರಿಸಿದ, ಓದಿದೆ. ಈ ನಿಯಮ ಬರೆದು ಗಿಡ ಬೆಳೆಸುವ ಕ್ರಮಕ್ಕೆ ಮೂಲ ಯಾರು? ಸ್ವಲ್ಪ ಬಿಡಿಸಿ ಹೇಳಿದರೆ ನಮ್ಮಂಥವರಿಗೂ ತಿಳಿಯುತ್ತದೆ.

ಬೇಸ್ ಕೇಸ್
ಮೇಷ್ಟ್ರೇ ನಮಸ್ಕಾರ. ಅರಿಸ್ಟಿಡ್ ಲಿಂಡೆನ್ಮಾಯರ್, ಹಂಗೇರಿಯಲ್ಲಿ ಹುಟ್ಟಿದ ಜೀವವಿಜ್ಞಾನಿ, 1968. ಮೊದಲು ಅವರು ಇದನ್ನ ಬಳಸಿದ್ದು ಪಾಚಿಯಂಥ ಸರಳ ಎಳೆಗಳು ಬೆಳೆಯೋದನ್ನ ತೋರಿಸೋಕೆ. ದೊಡ್ಡ ಕೋಶಕ್ಕೆ "ದ", ಮರಿ ಕೋಶಕ್ಕೆ "ಕ" ಅಂತ ಇಟ್ಟುಕೊಳ್ಳಿ. ಪ್ರತಿ ಸುತ್ತಿಗೆ ದೊಡ್ಡದು ಒಂದು ಮರಿ ಹಾಕುತ್ತದೆ, ಮರಿ ದೊಡ್ಡದಾಗುತ್ತದೆ. ದ → ದಕ, ಕ → ದ. ಎಲ್ಲ ಅಕ್ಷರವೂ ಒಟ್ಟಿಗೇ ಬದಲಾಗಬೇಕು, ಒಂದಾದಮೇಲೆ ಒಂದಲ್ಲ. ಈಗ ಬೆಳೆಸಿ:

ಕ
ದ
ದಕ
ದಕದ
ದಕದದಕ
ದಕದದಕದಕದ

ಉದ್ದ ಎಣಿಸಿ. 1, 1, 2, 3, 5, 8. ಹಿಂದಿನ ಎರಡು ಕೂಡಿಸಿದರೆ ಮುಂದಿನದು. ಇದೇ ಫಿಬೊನಾಚಿ ಸರಣಿ. ಕವಲು ಬೇಕಾದರೆ ಕಂಸ ಸೇರಿಸುತ್ತಾರೆ. ತೆರೆದ ಕಂಸ ಅಂದರೆ ಇಲ್ಲಿ ನಿಂತಿದ್ದೆ ಅಂತ ಗುರುತು ಇಟ್ಟುಕೋ, ಮುಚ್ಚಿದ ಕಂಸ ಅಂದರೆ ಗುರುತಿಗೆ ವಾಪಸ್ ಬಾ.

ನಿವೃತ್ತ ಕನ್ನಡ ಮೇಷ್ಟ್ರು
ಫಿಬೊನಾಚಿ ಅನ್ನುವ ಮುಂಚೆ ಸ್ವಲ್ಪ ತಡೆಯಿರಿ. ಇದನ್ನ ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ, ಛಂದಸ್ಸು ಅಂತ! ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣ ಎಷ್ಟು ಥರ ಬರುತ್ತದೆ? ಮೂರು. ನಾಲ್ಕು ಮಾತ್ರೆಯದು ಐದು: ನನನನ, ನನನಾ, ನನಾನ, ನಾನನ, ನಾನಾ. ಐದು ಮಾತ್ರೆಯದು ಎಂಟು. 3, 5, 8.

ಯಾಕೆ ಹಾಗೆ ಅಂದರೆ, ಗಣದ ಕೊನೆ ಅಕ್ಷರ ಲಘುವಾದರೆ ಹಿಂದೆ ಒಂದು ಮಾತ್ರೆ ಕಮ್ಮಿಯ ಗಣ ಇರಬೇಕು, ಗುರುವಾದರೆ ಎರಡು ಮಾತ್ರೆ ಕಮ್ಮಿಯ ಗಣ. ಎರಡನ್ನೂ ಕೂಡಿಸಿ. ನೀವು ಹೇಳುವ ತನ್ನನ್ನ ತಾನೇ ಕರೆಯೋದು ಇದೇ ಅಲ್ಲವೇ? ನಮ್ಮ ಹಳೇ ಛಂದಸ್ಸಿನ ಪಂಡಿತರಾದ ವಿರಹಾಂಕ, ಹೇಮಚಂದ್ರ ಇದನ್ನ ಫಿಬೊನಾಚಿಗಿಂತ ಮೊದಲೇ ಬರೆದಿದ್ದಾರೆ. ಷಟ್ಪದಿಗೆ ಪ್ರಸ್ತಾರ ಹಾಕಿಸಿದರೆ ಮಕ್ಕಳು ಆಕಳಿಸುತ್ತಿದ್ದರು. ಪಾಚಿ ಬೆಳೆಯುತ್ತದೆ ಅಂತ ಹೇಳಿದ್ದರೆ ಕೇಳುತ್ತಿದ್ದರೇನೋ.

ರಾತ್ರಿ ಡ್ಯೂಟಿ
ಮೇಷ್ಟ್ರೇ, ಆ ಆಕಳಿಸಿದವರಲ್ಲಿ ನಾನೂ ಒಬ್ಬಳು ಇರಬಹುದು. ಕ್ಷಮಿಸಿ.

ಹರಿಹರದ ಅಕ್ಕ
ರಂಗೋಲಿಯೂ ಸೇರಿಸಿ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ದಂಪತಿ 1970ರ ದಶಕದಲ್ಲೇ ತಮಿಳರ ಕೋಲಂಗೆ ಇಂಥ ವ್ಯಾಕರಣ ಬರೆದರು. ನಾವು ಚುಕ್ಕಿ ಇಟ್ಟು ಎಳೆ ಸುತ್ತಿಸುತ್ತೇವಲ್ಲ, ಚಿಕ್ಕದು ಬಂದವರಿಗೆ ದೊಡ್ಡದು ಬಂದೇ ಬರುತ್ತದೆ. ನಿಯಮ ಅದೇ, ಚುಕ್ಕಿ ಜಾಸ್ತಿ ಅಷ್ಟೇ.

ಲೈಫ್ ಆಟಗಾರ
ಇಷ್ಟೆಲ್ಲ ಯಾಕೆ? ಕಾನ್ವೇ 1970ರಲ್ಲಿ ಮಾಡಿದ ಗೇಮ್ ಆಫ್ ಲೈಫ್ ಹಾಕಿ ತೋರಿಸು. ನಾಲ್ಕು ಸಾಲು ಕೋಡ್. ಅದೂ ಕೃತಕ ಜೀವವೇ.

ಬೇಸ್ ಕೇಸ್
ಚೆನ್ನಾಗಿದೆ, ಆದರೆ ಅದು ರಿಕರ್ಷನ್ ಅಲ್ಲ. ಚೌಕುಳಿ ಮೇಲೆ ಪಕ್ಕದ ಎಂಟು ಮನೆ ಎಣಿಸಿ ಉಳಿಯೋದು, ಸಾಯೋದು ಅಷ್ಟೇ. ರಿಕರ್ಷನ್ ಬರೋದು ಬಿಲ್ ಗಾಸ್ಪರ್ 1984ರಲ್ಲಿ ಪ್ರಕಟಿಸಿದ ಹ್ಯಾಶ್‌ಲೈಫ್‌ನಲ್ಲಿ. ದೊಡ್ಡ ಚೌಕವನ್ನ ನಾಲ್ಕು ಮಾಡು, ಅದನ್ನ ಮತ್ತೆ ನಾಲ್ಕು ಮಾಡು, ಒಮ್ಮೆ ನೋಡಿದ ಚೌಕದ ಮುಂದಿನ ಗತಿ ನೆನಪಿಟ್ಟುಕೋ. ಅದೇ ಚಿತ್ರ ಮತ್ತೆ ಬಂದರೆ ಲೆಕ್ಕ ಮಾಡಬೇಡ.

ಲೈಫ್ ಆಟಗಾರ
ಸರಿ, ಒಪ್ಪಿದೆ. ನಾಲ್ಕು ಸಾಲು ಅಂದಿದ್ದು ವಾಪಸ್.

ಮಂಡಕ್ಕಿ ಕೋಡರ್
ನಾಲ್ಕು ದಿನ ಆಯಿತು. ವರದಿ ಒಪ್ಪಿಸುತ್ತೇನೆ.

ಗಾಳಿ ಅಣ್ಣ ಹೇಳಿದ ಹಾಗೆ ಮೊದಲು ಬೀಳಿಸಿ ಆಮೇಲೆ ಟೈಮರ್ ಹಾಕಿದೆ. ತೆಂಗಿನ ಮರಗಳೆಲ್ಲ ಹನ್ನೆರಡೇ ತಲೆಮಾರಿನಲ್ಲಿ ನಿರ್ವಂಶ. ಅಕ್ಕ ಹೇಳಿದ ಹಾಗೆ ಆಳ 3, ತುದಿಗೆ ಬೇರೆ ತುಂಡು, ಚಪ್ಪಟೆ ಪಾದದ ಥರ. ಡಾಕ್ಟ್ರು ಹೇಳಿದ ಸುತ್ತಿನ ಲೆಕ್ಕವನ್ನೂ ಫಂಕ್ಷನ್‌ಗೆ ಕಳಿಸಿದೆ. ಈಗ ಒಂದು ಬಂದಿದೆ. ಬೆನ್ನು ಐದು ತುಂಡು, ಎರಡೂ ಕಡೆ ಕಾಲು. ನಡೆಯುತ್ತದೆ ಅನ್ನೋಕಾಗಲ್ಲ, ತೆವಳುತ್ತದೆ. ಬಲಗಾಲಿನ ಉದ್ದದ ಸಂಖ್ಯೆ ಒಂದನ್ನ ಬದಲಾಯಿಸಿದರೆ ಐದೂ ಬಲಗಾಲು ಒಟ್ಟಿಗೆ ಉದ್ದವಾಗುತ್ತವೆ. ಇದನ್ನ ನೋಡಿದಾಗ ಮೈ ಜುಮ್ ಅಂದಿತು. ಒಂದೊಂದೇ ಕಾಲು ಬೇರೆ ಬೇರೆ ಬರೆದಿದ್ದರೆ ಒಂದು ಕಾಲು ಉದ್ದ, ನಾಲ್ಕು ಗಿಡ್ಡ ಆಗಿ ಮುಗ್ಗರಿಸುತ್ತಿತ್ತು.

ಈಗ ಹೊಸ ತಲೆನೋವು. ಪ್ರದರ್ಶನದ ದಿನ ಶಾಲೆ ಮಕ್ಕಳು ಬರುತ್ತಾರೆ. ಒಂದು ತಲೆಮಾರಿಗೆ ನನ್ನ ಲ್ಯಾಪ್‌ಟಾಪ್ ಆರು ನಿಮಿಷ ತಗೊಳ್ಳುತ್ತದೆ. ಅಷ್ಟು ಹೊತ್ತು ಯಾರು ನಿಲ್ಲುತ್ತಾರೆ?

ಜೋಗಿಮಟ್ಟಿ ಗಾಳಿ
ಸಿಮ್ಸ್ 300 ಪ್ರಾಣಿ, ನೂರರವರೆಗೆ ತಲೆಮಾರು ಓಡಿಸುತ್ತಿದ್ದರು. ಅವರ ಹತ್ತಿರ ಕನೆಕ್ಷನ್ ಮೆಷಿನ್ ಅನ್ನೋ ಆ ಕಾಲದ ಸೂಪರ್ ಕಂಪ್ಯೂಟರ್ ಇತ್ತು. ನಿನ್ನ ಹತ್ತಿರ ಗಿರಣಿ ಇದೆ. ನಡೆಯೋ ಪ್ರಾಣಿಯನ್ನ ವಿಡಿಯೋ ಮಾಡಿ ಇಡು.

ಎದುರಿಗೆ ಆಡಿಸೋಕೆ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ದಾರಿ ಹಿಡಿ. 1986ರ ಬಯೋಮಾರ್ಫ್. ಕವಲೊಡೆಯುವ ಗೀಟುಗಳು ಅಷ್ಟೇ, 9 ಜೀನ್. ಅದರಲ್ಲಿ ಒಂದು ಜೀನ್ ರಿಕರ್ಷನ್ ಆಳದ್ದೇ, ಅದೂ ಹುಟ್ಟಿನಿಂದ ಹುಟ್ಟಿಗೆ ಬದಲಾಗುತ್ತದೆ. ಫಿಸಿಕ್ಸ್ ಇಲ್ಲ, ಅಂಕ ಇಲ್ಲ. ಪರದೆ ಮೇಲೆ ಮರಿಗಳನ್ನ ತೋರಿಸು, ಯಾವುದು ಇಷ್ಟ ಅಂತ ಮಗು ಬೆರಳು ಇಡಲಿ, ಅದರ ಮರಿಗಳು ಬರಲಿ. ಡಾಕಿನ್ಸ್ ಮರ ಬರುತ್ತದೆ ಅಂದುಕೊಂಡಿದ್ದರಂತೆ, ಹುಳುಗಳು ಬಂದವು.

ಮಂಡಕ್ಕಿ ಕೋಡರ್
ಬರೆದೆ! ಒಂದೇ ರಾತ್ರಿಯಲ್ಲಿ ಆಯಿತು. ಅಮ್ಮನ ಕೈಗೆ ಮೌಸ್ ಕೊಟ್ಟೆ. ಇಪ್ಪತ್ತು ಸಲ ಆರಿಸಿದರು. ಮೊದಲು ಬೇವಿನ ಕಡ್ಡಿ ಥರ ಇತ್ತು, ಆಮೇಲೆ ಚೇಳು, ಆಮೇಲೆ ಏನೋ ಒಂದು ಅಗಲವಾಗಿ ಕಾಲು ಚಾಚಿಕೊಂಡು ಕೂತಿತು. "ಇದು ನಿಮ್ಮ ದೊಡ್ಡಪ್ಪ ಜಗುಲಿ ಮೇಲೆ ಕೂತಂಗೆ ಇದೆ, ಇದನ್ನ ಇಟ್ಟುಕೋ" ಅಂದರು. ಫೈಲ್ ಹೆಸರು "ದೊಡ್ಡಪ್ಪ" ಅಂತಲೇ ಇಟ್ಟಿದ್ದೇನೆ.

ಅಡಿಕೆ ತೋಟ
ಅದರಲ್ಲಿ ಅಡಿಕೆ ಮರ ಬಂದರೆ ಒಂದು ಫೋಟೋ ಹಾಕಪ್ಪ.

ಚಳ್ಳಕೆರೆ ಶೇಂಗಾ
ಪ್ರದರ್ಶನ ಯಾವಾಗ? ಬರುತ್ತೇನೆ. ಬೆಣ್ಣೆ ದೋಸೆ ನಿನ್ನ ಲೆಕ್ಕಕ್ಕೆ.

ಮಂಡಕ್ಕಿ ಕೋಡರ್
ಒಂದು ಪ್ಲೇಟ್ ಮಾತ್ರ. ನಿಮಗೆ ಆಳದ ಮಿತಿ ಇಡಲೇಬೇಕು.